ಕೂಸು ಹುಟ್ಟುವ ಮುಂಚೆ ಐದು ಸ್ಟಾರು

ನಿನ್ನೆ ರಾತ್ರಿ ಒಂಬತ್ತೂವರೆಗೆ ನಾನು ಒಂದು ಶೂ ಲೇಸು ನೋಡಿದೆ. ಹಳದಿ ಬಣ್ಣದ್ದು. ಗಂಟು ಬಿಚ್ಚಿಹೋಗಿತ್ತು.

ಅದನ್ನು ನೋಡಲೆಂದೇ ಕೆಲಸವೆಲ್ಲ ಬೇಗ ಮುಗಿಸಿ, ಫೋನು ಚಾರ್ಜಿಗೆ ಹಾಕಿ, ಕನ್ನಡಕ ಒರೆಸಿಕೊಂಡು, ಸ್ವಲ್ಪ ಹೊತ್ತು ಯಾರೂ ಮಾತಾಡಿಸಬೇಡಿ ಅಂತ ಮನೆಯಲ್ಲಿ ಹೇಳಿ ಕೂತಿದ್ದೆ. ಪರದೆಯ ಮೇಲೆ ಹತ್ತು, ಒಂಬತ್ತು, ಎಂಟು ಅಂತ ಅಂಕಿ ಇಳಿಯಿತು. ರಾಕೆಟ್ ಬಿಡುವಾಗಲೂ ಹೀಗೇ ಎಣಿಸುತ್ತಾರೆ, ಆದರೆ ಅಲ್ಲಿ ಕೊನೆಗೆ ಏನೋ ಒಂದು ಮೇಲಕ್ಕೆ ಹೋಗುತ್ತದೆ. ಇಲ್ಲಿ ಲೇಸು ಬಂತು.

ಶೂ ಜಾಹೀರಾತು ಅಂದುಕೊಳ್ಳಬೇಡಿ. ಮುಂದೆ ಬರಲಿರುವ ಒಂದು ಕಾದಂಬರಿಯ ಮುಖಪುಟ ಅದು, ಎಡಗಡೆ ಕೆಳಮೂಲೆ. ಪೂರ್ತಿ ಮುಖಪುಟವನ್ನು ಒಂಬತ್ತು ಚೂರು ಮಾಡಿದ್ದಾರೆ. ದಿನಕ್ಕೊಂದು ಚೂರು ಬಿಡುತ್ತಾರೆ. ಹತ್ತನೇ ದಿನ ಅನಾವರಣ. ಅನಾವರಣ ಅನ್ನೋದು ಪ್ರತಿಮೆಗಳಿಗೆ ಮಾತ್ರ ಮಾಡುವಂಥದ್ದು ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಪ್ರತಿಮೆಗಾದರೂ ಒಂದೇ ಸಲ ಬಟ್ಟೆ ಎಳೆದು ಕೈಮುಗಿದು ಹೋಗುತ್ತಾರೆ, ಇವತ್ತು ಮೂಗು, ನಾಳೆ ಕಿವಿ, ನಾಡಿದ್ದು ಮೀಸೆಯ ಅರ್ಧ ಅಂತ ಯಾರೂ ತೋರಿಸಲ್ಲ.

ಕಾದಂಬರಿಯ ಹೆಸರು ಹೇಳಲ್ಲ. ಹೇಳಿದರೆ ನೀವೂ ಕಾಯೋಕೆ ಶುರು ಮಾಡುತ್ತೀರಿ, ಕ್ಯೂ ಉದ್ದ ಆಗುತ್ತದೆ. ಯಂಗ್ ಅಡಲ್ಟ್ ಕಾದಂಬರಿ ಅಂತ ತಿಳಿದುಕೊಂಡರೆ ಸಾಕು. ಹದಿಹರೆಯದವರಿಗೆ, ಅಂದರೆ ಸುಮಾರು 12ರಿಂದ 18 ವರ್ಷದವರಿಗೆ ಅಂತ ಬರೆಯುವಂಥದ್ದು. ಅದರಲ್ಲೂ ಇದು ಹಗುರವಾದದ್ದು, ನಗಿಸುವಂಥದ್ದು, ಯಾರೂ ಸಾಯದೇ ಇರುವಂಥದ್ದು.

ನನಗೆ 43.

ನಗಬೇಡಿ, ನಾನೊಬ್ಬನೇ ಅಲ್ಲ. 2012ರಲ್ಲಿ ಬೌಕರ್ ಅನ್ನೋ ಸಂಸ್ಥೆ ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ಈ ಬಗೆಯ ಪುಸ್ತಕ ಕೊಳ್ಳುವವರಲ್ಲಿ ಶೇ. 55 ಮಂದಿ 18 ದಾಟಿದವರು ಅಂತ ಗೊತ್ತಾಯಿತು. 30ರಿಂದ 44ರವರೇ ಶೇ. 28. ಮಕ್ಕಳಿಗೆ ಕೊಡಿಸೋಕೆ ಕೊಂಡಿರಬೇಕು ಅಂತೀರಾ? ಅದನ್ನೂ ಕೇಳಿದ್ದಾರೆ. ನೂರಕ್ಕೆ 78 ಸಲ ತಾವೇ ಓದಲು ಕೊಂಡದ್ದಂತೆ.

ಈ ಅಂಕಿಗಳನ್ನೆಲ್ಲ ಅಕ್ಕನ ಮಗಳ ಮುಂದೆ ಇಟ್ಟೆ. ಅವಳಿಗೆ 15. ಸೋಫಾದ ಮೇಲೆ ಕಾಲು ಮಡಚಿಕೊಂಡು ಲೈಬ್ರರಿಯಿಂದ ತಂದ ಯಾವುದೋ ಹಳೇ ಪುಸ್ತಕ ಓದುತ್ತಿದ್ದಳು. ಅದಕ್ಕೆ ಮುಖಪುಟವೇ ಇರಲಿಲ್ಲ, ಯಾವ ಕಾಲದಲ್ಲೋ ಕಿತ್ತುಹೋಗಿ, ಮೊದಲ ಪುಟದ ಅಂಚಿಗೆ ಕಂದು ಟೇಪು ಅಂಟಿಸಿದ್ದರು.

"ಮಾಮ, ಅದು ನಮ್ಮ ವಯಸ್ಸಿನವರಿಗೆ ಬರೆಯೋದು" ಅಂದಳು, ಪುಸ್ತಕದಿಂದ ತಲೆ ಎತ್ತದೆ.

"ಗೊತ್ತು ಕಣೇ. ನಿಮಗೆ ಬರೀತಾರೆ, ನಮಗೆ ಮಾರ್ತಾರೆ."

"ಯಾವಾಗ ಬರುತ್ತೆ?"

ಅದೇ ನೋಡಿ ಕಷ್ಟದ ಪ್ರಶ್ನೆ. ಮಾರುವ ಜಾಲತಾಣದಲ್ಲಿ ಡಿಸೆಂಬರ್ 31 ಅಂತ ಇದೆ. ಈ ತಾರೀಕು ಕಂಡರೆ ಅನುಭವಸ್ಥರಿಗೆ ತಕ್ಷಣ ಅರ್ಥವಾಗುತ್ತದೆ. ಯಾವಾಗ ಅಂತ ನಮಗೂ ಗೊತ್ತಿಲ್ಲ, ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪಲ್ಲ, ಅದಕ್ಕೆ ವರ್ಷದ ಕೊನೇ ದಿನ ಹಾಕಿದ್ದೀವಿ ಅಂತ. ಆದರೆ ತಾರೀಕು ಗೊತ್ತಿಲ್ಲದಿದ್ದರೂ ಪುಟ ಎಷ್ಟು ಅಂತ ಗೊತ್ತು. 352. ಲೇಖಕಿ ಮೊನ್ನೆಯಷ್ಟೇ ಒಂದು ವಿಡಿಯೋದಲ್ಲಿ ಕೂದಲು ಕೆದರಿಕೊಂಡು ಕೂತು, ಕೊನೇ ಮೂರು ಅಧ್ಯಾಯ ಇನ್ನೂ ಹೊಳೆದಿಲ್ಲ ಅಂತ ಅಳುಮುಖ ಮಾಡಿದ್ದರು. ಹೊಳೆಯದ ಮೂರು ಅಧ್ಯಾಯ ಸೇರಿ 352 ಹೇಗಾಯಿತು ಅಂತ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು. ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚು ಹಾಕಿ, ಮಡಚಿ, ಕತ್ತರಿಸಿ ಪುಸ್ತಕ ಮಾಡುತ್ತಾರಲ್ಲ, ಹಾಗಾಗಿ ಪುಟಗಳು ಸಾಮಾನ್ಯವಾಗಿ 16ರ ಅಥವಾ 32ರ ಮಗ್ಗಿಯಲ್ಲಿ ಬರುತ್ತವೆ. 32 ಹನ್ನೊಂದಲೆ 352. ಬರೆಯುವ ಮುಂಚೆಯೇ ಮಗ್ಗಿಯಲ್ಲಿ ಒಂದು ಅಂಕಿ ಆರಿಸಿ ಇಟ್ಟುಬಿಟ್ಟಿದ್ದಾರೆ, ಇನ್ನು ಆ ಹುಡುಗ ಹುಡುಗಿ ಏನೇ ಜಗಳ ಆಡಿಕೊಂಡರೂ ಅಷ್ಟರೊಳಗೆ ರಾಜಿಯಾಗಬೇಕು.

ಹುಡುಗ ಹುಡುಗಿ ಅಂದೆ. ಅದು ಹೇಗೆ ಗೊತ್ತಾಯಿತು ಅಂತ ಕೇಳಬಹುದು. ಕಥೆ ಏನು ಅಂತ ಯಾರೂ ಬಾಯಿ ಬಿಟ್ಟಿಲ್ಲ, ಆದರೆ ಒಳಗೆ ಏನೇನು ಹಾಕಿದ್ದಾರೆ ಅಂತ ಒಂದು ಚಿತ್ರ ಬಂದಿದೆ. ನಡುವೆ ಪುಸ್ತಕದ ಆಕಾರ, ಸುತ್ತ ಬಾಣಗಳು, ಬಾಣಗಳ ತುದಿಯಲ್ಲಿ ಮಾತುಗಳು. ಮೊದಲು ಎಣ್ಣೆ-ಸೀಗೆಕಾಯಿ, ಆಮೇಲೆ ಪ್ರೀತಿ. ಸುಮ್ನೆ ನಾಟಕಕ್ಕೆ ಜೋಡಿ, ಆಮೇಲೆ ನಿಜವಾಗಿ ಜೋಡಿ. ಮುಂಗೋಪಿ ಹುಡುಗ, ನಗುಮುಖದ ಹುಡುಗಿ. ಜೋರು ಮಳೆ, ಇಬ್ಬರಿಗೂ ಒಂದೇ ಕೊಡೆ. ಬಿಸ್ಕತ್ತು ಪೊಟ್ಟಣದ ಹಿಂದೆ ಏನೇನು ಎಷ್ಟೆಷ್ಟಿದೆ ಅಂತ ಬರೆದಿರುತ್ತಾರಲ್ಲ, ಹಾಗೆ. ಇಷ್ಟೆಲ್ಲ ಹೇಳಿ ಮುಗಿಸಿ, ಕೆಳಗೆ ಸಣ್ಣ ಅಕ್ಷರದಲ್ಲಿ, ದಯವಿಟ್ಟು ಸ್ಪಾಯ್ಲರ್ ಹಾಕಿ ಬೇರೆಯವರ ಮಜಾ ಹಾಳು ಮಾಡಬೇಡಿ ಅಂತ ಕೈಮುಗಿದಿದ್ದಾರೆ. ಹಾಳು ಮಾಡೋಕೆ ಇನ್ನೇನು ಉಳಿದಿದೆ? ಕೊಡೆಯ ಬಣ್ಣ ಇರಬೇಕು. (ಒಂದೇ ಕೊಡೆ ಅಂದರೆ ನನಗೂ ಇಷ್ಟ. ಒಪ್ಪಿಕೊಳ್ಳುತ್ತೇನೆ. ಎಷ್ಟು ಸಲ ಓದಿದರೂ ಆ ಮಳೆ ನಿಲ್ಲಬಾರದು ಅನ್ನಿಸುತ್ತದೆ.)

ಇನ್ನು ಸ್ಟಾರುಗಳ ವಿಷಯ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅಂತ ಹಿರಿಯರು ನಗುತ್ತಿದ್ದರು. ಹಿರಿಯರು ಕುಲಾವಿಗೇ ನಿಲ್ಲಿಸಿದ್ದರು, ಪಾಪ. ನಾವು ಕೂಸು ಹುಟ್ಟುವ ಮುಂಚೆ ಅದಕ್ಕೆ ಮಾರ್ಕ್ಸ್ ಹಾಕಿ, ಪಾಸೋ ಫೇಲೋ ಅಂತ ಬೋರ್ಡಿಗೆ ಅಂಟಿಸುತ್ತೇವೆ. ಬರೆದೇ ಮುಗಿಯದ ಈ ಕಾದಂಬರಿಗೆ ಓದುಗರ ತಾಣವೊಂದರಲ್ಲಿ ಆಗಲೇ ಐದಕ್ಕೆ ನಾಲ್ಕೂವರೆ ಸ್ಟಾರು ಬಿದ್ದಿದೆ. ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಒಂದೊಂದೇ ಓದುತ್ತಾ ಹೋದೆ. ಒಬ್ಬರು ಇನ್ನೂ ಓದಿಲ್ಲ, ಆದರೆ ನನ್ನ ಜೀವನವನ್ನೇ ಬದಲಾಯಿಸುತ್ತದೆ ಅಂತ ಗೊತ್ತು ಅಂದಿದ್ದಾರೆ. ಇನ್ನೊಬ್ಬರು ಲೇಸು ನೋಡಿ ಅತ್ತಿದ್ದಾರೆ. ಮತ್ತೊಬ್ಬರು ಒಂದೇ ಸ್ಟಾರು ಕೊಟ್ಟು, ಹೋದ ಸಲದ ಪುಸ್ತಕದಷ್ಟು ಚೆನ್ನಾಗಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಈ ಮೂರನೆಯವರ ಧೈರ್ಯಕ್ಕೆ ನಾನು ತಲೆಬಾಗಿದೆ. ಇಲ್ಲದ ಪುಸ್ತಕವನ್ನು ಹೊಗಳೋದು ಯಾರಾದರೂ ಮಾಡಿಯಾರು. ಇಲ್ಲದ ಪುಸ್ತಕವನ್ನು ಇರುವ ಪುಸ್ತಕದ ಜೊತೆ ಹೋಲಿಸಿ ನಿರಾಸೆಗೊಳ್ಳೋಕೆ ಸಾಧನೆ ಬೇಕು.

ತಮಾಷೆ ಅಂತ ಬಿಟ್ಟುಬಿಡೋಣ ಅಂದರೆ ಇದರಲ್ಲಿ ನಿಜವಾಗಿ ತಲೆಗಳು ಉರುಳಿವೆ. 2023ರ ಜೂನ್‌ನಲ್ಲಿ ಅಮೆರಿಕದ ಒಬ್ಬ ಹೆಸರಾಂತ ಲೇಖಕಿ, ಮರುವರ್ಷ ಬರಬೇಕಿದ್ದ ತಮ್ಮ ಕಾದಂಬರಿಯನ್ನು ತಾವೇ ತಡೆದು ನಿಲ್ಲಿಸಿದರು. ಕಥೆ ನಡೆಯುವುದು ರಷ್ಯಾದಲ್ಲಿ, ಅದು ಉಕ್ರೇನ್ ಯುದ್ಧದ ಹೊತ್ತು, ಅಷ್ಟಕ್ಕೇ ನೂರಾರು ಜನ ಒಂದೊಂದು ಸ್ಟಾರು ಒತ್ತಿದ್ದರು. ಜನರ ಸಿಟ್ಟಿಗೆ ಕಾರಣ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಒತ್ತಿದವರಲ್ಲಿ ಯಾರ ಕೈಗೂ ಪುಸ್ತಕ ಬಂದಿರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೊಂದು. ಮೊದಲ ಕಾದಂಬರಿ ಬರುವ ಸಂಭ್ರಮದಲ್ಲಿದ್ದ ಒಬ್ಬ ಲೇಖಕಿ ಸುಳ್ಳು ಹೆಸರಿನ ಖಾತೆಗಳನ್ನು ತೆರೆದು, ತನ್ನಂತೆಯೇ ಹೊಸದಾಗಿ ಬರುತ್ತಿದ್ದ ಬೇರೆಯವರ ಪುಸ್ತಕಗಳಿಗೆ ಕಡಿಮೆ ಸ್ಟಾರು, ತನ್ನದಕ್ಕೆ ತಾನೇ ಐದು ಸ್ಟಾರು ಹಾಕಿಕೊಂಡದ್ದು ಬಯಲಾಯಿತು. ಪ್ರಕಾಶಕರು ಪುಸ್ತಕವನ್ನೇ ಕೈಬಿಟ್ಟರು. ಇನ್ನೂ ಅಂಗಡಿಗೆ ಬಾರದ ಪುಸ್ತಕಗಳ ನಡುವೆ ನಡೆದ ಯುದ್ಧ ಇದು. ಹುಟ್ಟದ ಕೂಸುಗಳನ್ನು ಓಟದ ಪಂದ್ಯಕ್ಕೆ ನಿಲ್ಲಿಸಿ, ಪಕ್ಕದ ಕೂಸಿಗೆ ಕಾಲು ಅಡ್ಡ ಕೊಟ್ಟ ಹಾಗೆ.

ಮುಂಗಡ ಬುಕ್ಕಿಂಗ್ ಮಾಡಿದವರಿಗೆ ಉಡುಗೊರೆ ಅಂದರು, ನಾನೂ ಮಾಡಿದೆ. ರಸೀದಿಯ ಫೋಟೋ ಹಾಕಬೇಕು, ವಿಳಾಸ ಕೊಡಬೇಕು, ನಾನು ರೋಬಾಟ್ ಅಲ್ಲ ಅಂತ ಸಾಬೀತು ಮಾಡಲು ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನೆಲ್ಲ ಆರಿಸಬೇಕು. ಎರಡು ವಾರಕ್ಕೆ ಒಂದು ದಪ್ಪ ಲಕೋಟೆ ಬಂತು. ಒಳಗೆ ಇನ್ನೊಂದು ಲಕೋಟೆ. ಅದರೊಳಗೆ ಒಂದು ಬುಕ್‌ಮಾರ್ಕ್. ಬುಕ್‌ಮಾರ್ಕ್ ಬಂದಿದೆ, ಬುಕ್ ಬಂದಿಲ್ಲ. ಸದ್ಯಕ್ಕೆ ಅದನ್ನು ಕ್ಯಾಲೆಂಡರಿಗೆ ಸಿಕ್ಕಿಸಿದ್ದೇನೆ, ಡಿಸೆಂಬರ್ ಪುಟದಲ್ಲಿ.

ಜಾಸ್ತಿ ದುಡ್ಡು ಕೊಟ್ಟರೆ ಅಂಚಿಗೆ ಬಣ್ಣ ಬಳಿದ ಪ್ರತಿ ಸಿಗುತ್ತದೆ. ಹಿಂದೆ ಪುಸ್ತಕದ ಅಂಚಿಗೆ ಚಿನ್ನದ ಲೇಪ ಕೊಡುತ್ತಿದ್ದರು, ಅದರಿಂದ ಧೂಳು ಒಳಗೆ ಇಳಿಯುತ್ತಿರಲಿಲ್ಲ. ಈಗ ಅಲ್ಲಿ ಹೂವು, ಬಳ್ಳಿ, ನಕ್ಷತ್ರ. ನೋಡೋಕೆ ಚೆಂದ, ಸುಳ್ಳು ಹೇಳಬಾರದು. ಆದರೆ ಪುಸ್ತಕವನ್ನು ಕಪಾಟಿನಲ್ಲಿ ಸರಿಯಾಗಿ ಇಟ್ಟರೆ ಆ ಅಂಚು ಗೋಡೆ ಕಡೆ ಹೋಗುತ್ತದೆ. ಅಂಚು ಕಾಣಬೇಕು ಅಂತ ತಿರುಗಿಸಿಟ್ಟರೆ ಯಾವ ಪುಸ್ತಕ ಅಂತ ಗೊತ್ತಾಗಲ್ಲ. ತಿರುಗಿಸಿಯೇ ಇಡುತ್ತಾರೆ, ನಾನು ಚಿತ್ರಗಳಲ್ಲಿ ನೋಡಿದ್ದೇನೆ. ಸಾಲು ಸಾಲು ಹೂಬಳ್ಳಿ, ಒಂದರ ಹೆಸರೂ ಕಾಣದು. ಓದಬೇಕು ಅಂತ ಯಾರಾದರೂ ಕೇಳಿದರೆ ಎಲ್ಲವನ್ನೂ ಒಂದೊಂದಾಗಿ ಎಳೆದು ನೋಡಬೇಕು. ಯಾರೂ ಕೇಳಿದ ಹಾಗಿಲ್ಲ.

ಈ ಮುಂಗಡ ಬುಕ್ಕಿಂಗ್‌ಗೆ ಯಾಕಿಷ್ಟು ಜೀವ ಬಿಡುತ್ತಾರೆ ಅಂದರೆ, ತಿಂಗಳುಗಟ್ಟಲೆ ಮೊದಲು ಕೊಟ್ಟ ಆರ್ಡರುಗಳೆಲ್ಲ ಪುಸ್ತಕ ಬಂದ ಮೊದಲ ವಾರದ ಮಾರಾಟದ ಲೆಕ್ಕಕ್ಕೇ ಸೇರುತ್ತವೆ. ಅಮೆರಿಕದಲ್ಲಿ ಹೊಸ ಪುಸ್ತಕ ಸಾಮಾನ್ಯವಾಗಿ ಮಂಗಳವಾರ ಬರುತ್ತದೆ, ಬ್ರಿಟನ್ನಿನಲ್ಲಿ ಗುರುವಾರ. ಒಂದು ಮಂಗಳವಾರ ಬೆಳಗ್ಗೆ ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ಅಷ್ಟೂ ಆರ್ಡರು ಒಟ್ಟಿಗೆ ನುಗ್ಗಿದರೆ, ಪುಸ್ತಕ ಹೆಚ್ಚು ಮಾರಾಟವಾದವುಗಳ ಪಟ್ಟಿಯಲ್ಲಿ ಮೇಲೆ ಕೂರುತ್ತದೆ. ಮುಂದಿನ ವಾರ ಬಿದ್ದರೂ ಚಿಂತೆಯಿಲ್ಲ, ಬೆಸ್ಟ್ ಸೆಲ್ಲರ್ ಅನ್ನೋ ಬಿರುದನ್ನು ಯಾರೂ ವಾಪಸ್ ಕೇಳಲ್ಲ.

ಒಂದು ಸಲ ಕೇಳಿದ್ದಾರೆ. 2017ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪಟ್ಟಿಯ ಯಂಗ್ ಅಡಲ್ಟ್ ವಿಭಾಗದಲ್ಲಿ, ಆ ವಲಯದ ಲೇಖಕರೇ ಹೆಸರು ಕೇಳಿರದ ಒಂದು ಕಾದಂಬರಿ ಏಕ್‌ದಂ ಮೊದಲ ಸ್ಥಾನಕ್ಕೆ ಬಂದು ಕೂತಿತು. ಅನುಮಾನ ಬಂದ ಕೆಲವರು ಅಲ್ಲಿ ಇಲ್ಲಿ ವಿಚಾರಿಸಿದರು. ಪುಸ್ತಕದಂಗಡಿಗಳಿಗೆ ಫೋನು ಬಂದಿತ್ತಂತೆ. ನಿಮ್ಮ ಮಾರಾಟದ ಲೆಕ್ಕ ಆ ಪಟ್ಟಿಗೆ ಹೋಗುತ್ತದಾ ಅಂತ ಮೊದಲು ಕೇಳಿ, ಹೌದು ಅಂದಮೇಲೆ ರಾಶಿ ಪ್ರತಿ ಆರ್ಡರು ಮಾಡಿದ್ದರಂತೆ. ಒಂದೇ ದಿನದೊಳಗೆ ಪತ್ರಿಕೆ ಆ ಪುಸ್ತಕವನ್ನು ಪಟ್ಟಿಯಿಂದ ಕಿತ್ತುಹಾಕಿತು. ಕಥೆ ಹೇಗಿದೆ ಅಂತ ಮಾತ್ರ ಆ ಫೋನು ಮಾಡಿದವರು ಅಂಗಡಿಯವರನ್ನು ಕೇಳಿದ ಹಾಗೆ ಕಾಣಲ್ಲ.

ಸರಿ, ಕೊಳ್ಳೋದಕ್ಕೂ ಓದೋದಕ್ಕೂ ಸಂಬಂಧ ಇಲ್ಲ ಅಂತಾಯಿತು. ಕೊಂಡವರು ಓದಲೇಬಾರದು ಅಂತ ಕೋರ್ಟೇ ಹೇಳಿದ ಒಂದು ಪ್ರಸಂಗವಿದೆ, ನನಗೆ ಅದು ಎಲ್ಲಕ್ಕಿಂತ ಇಷ್ಟ. 2005ರ ಜುಲೈ. ಹ್ಯಾರಿ ಪಾಟರ್ ಸರಣಿಯ ಆರನೇ ಪುಸ್ತಕ 16ನೇ ತಾರೀಕಿಗೆ ಬಿಡುಗಡೆ. ಕೆನಡಾದ ಒಂದು ಅಂಗಡಿಯವರು ತಪ್ಪಿ, ಅದಕ್ಕೂ ಒಂದು ವಾರಕ್ಕೂ ಹೆಚ್ಚು ಮೊದಲೇ 14 ಪ್ರತಿ ಮಾರಿಬಿಟ್ಟರು. ಯಾವುದೋ ರ್‍ಯಾಕಿನಲ್ಲಿ ಕಂಡಿತು, ಜನ ದುಡ್ಡು ಕೊಟ್ಟರು, ಚೀಲಕ್ಕೆ ಹಾಕಿಕೊಂಡು ಹೋದರು. ಪ್ರಕಾಶಕರು ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಪ್ರೀಂ ಕೋರ್ಟಿಗೆ ಓಡಿದರು. ಕೋರ್ಟು ಆದೇಶ ಕೊಟ್ಟಿತು. ಆ 14 ಪ್ರತಿ ಕೊಂಡವರು ಬಿಡುಗಡೆಯ ಗಳಿಗೆಯವರೆಗೆ ಅದನ್ನು ಮಾರುವಂತಿಲ್ಲ, ಅದರ ಬಗ್ಗೆ ಮಾತಾಡುವಂತಿಲ್ಲ, ಓದುವಂತಿಲ್ಲ.

ಆ ಮನೆಗಳನ್ನು ಒಂದು ಸಲ ಊಹಿಸಿಕೊಳ್ಳಿ. ಮಗು ಎರಡು ವರ್ಷದಿಂದ ಕಾದಿದೆ. ಪುಸ್ತಕ ಮೇಜಿನ ಮೇಲಿದೆ. ದುಡ್ಡು ಕೊಟ್ಟಾಗಿದೆ, ಬಿಲ್ ಕೈಯಲ್ಲಿದೆ. ಅಪ್ಪ ಬಾಗಿಲಲ್ಲಿ ನಿಂತು ಹೇಳುತ್ತಿದ್ದಾನೆ, ಮುಟ್ಟಬೇಡ ಮಗಾ, ಕೋರ್ಟಿನ ಆದೇಶ ಇದೆ. ಮಕ್ಕಳು ಓದಲ್ಲ ಓದಲ್ಲ ಅಂತ ಲೋಕವೆಲ್ಲ ತಲೆ ಚಚ್ಚಿಕೊಳ್ಳುತ್ತಿರುವಾಗ, ಓದಿದರೆ ನೋಡು ಮತ್ತೆ ಅಂತ ಕಾನೂನು ಬೆತ್ತ ತೋರಿಸಿತು. ನನ್ನ ಕೇಳಿದರೆ ಪಠ್ಯಪುಸ್ತಕಗಳಿಗೂ ಇಂಥದ್ದೊಂದು ಆದೇಶ ತರಬೇಕು, ಒಂದೇ ರಾತ್ರಿಯಲ್ಲಿ ಟಾರ್ಚ್ ಹಿಡಿದು ಕಂಬಳಿಯೊಳಗೆ ಕೂತು ಬೀಜಗಣಿತ ಮುಗಿಸಿಬಿಡುತ್ತಾರೆ.

ಇದೆಲ್ಲ ಹೀಗೇ ಬೆಳೆದು ಬೆಳೆದು ಎಲ್ಲಿಗೆ ಬಂದು ನಿಂತಿತು ಅಂತ 2025ರ ಮೇ ತಿಂಗಳಲ್ಲಿ ಕಣ್ಣಾರೆ ಕಂಡೆವು. ಚಿಕಾಗೋ ಸನ್-ಟೈಮ್ಸ್ ಪತ್ರಿಕೆಯ ಜೊತೆ ಬಂದ ಪುರವಣಿಯಲ್ಲಿ, ಈ ಬೇಸಿಗೆಯಲ್ಲಿ ಓದಲೇಬೇಕಾದ ಪುಸ್ತಕಗಳು ಅಂತ 15ರ ಪಟ್ಟಿ ಇತ್ತು. ಲೇಖಕರೆಲ್ಲ ನಿಜವಾದವರು, ಹೆಸರು ಮಾಡಿದವರು. ಒಂದೊಂದಕ್ಕೂ ನಾಲ್ಕು ಸಾಲಿನ ಚೆಂದದ ಪರಿಚಯ. ಆದರೆ 15ರಲ್ಲಿ 10 ಪುಸ್ತಕಗಳು ಲೋಕದಲ್ಲೇ ಇರಲಿಲ್ಲ. ಪಟ್ಟಿ ಮಾಡಿದವರು ಎಐ ಕೈಗೆ ಕೆಲಸ ಕೊಟ್ಟು, ಅದು ಕೊಟ್ಟದ್ದನ್ನು ತಿರುಗಿ ನೋಡದೆ ಅಚ್ಚಿಗೆ ಕಳಿಸಿದ್ದರು. ದೊಡ್ಡ ಗಲಾಟೆ ಆಯಿತು, ಎಲ್ಲರೂ ಬೈದರು, ನಾನೂ ನಾಲ್ಕು ಮಾತು ಬೈದೆ. ಬೈದು ಮುಗಿಸಿ ಕೂತಾಗ ಒಳಗೊಳಗೇ ಒಂದು ಯೋಚನೆ. ಕಾಯೋದಕ್ಕೆ ನಮಗೆ ಏನು ಬೇಕು? ಲೇಖಕರ ಹೆಸರು ಬೇಕು, ಇತ್ತು. ಕಥೆಯ ಸುಳಿವು ಬೇಕು, ಇತ್ತು. ಪುಸ್ತಕ ಒಂದೇ ತಾನೇ ಇರಲಿಲ್ಲ? ನನ್ನ ಹಳದಿ ಲೇಸಿಗಿಂತ ಆ ಹತ್ತು ಪುಸ್ತಕಗಳ ಬಗ್ಗೆ ಜನರಿಗೆ ಜಾಸ್ತಿ ಮಾಹಿತಿ ಸಿಕ್ಕಿತ್ತು.

ನನಗಂತೂ ಈಗ ಒಂದು ಭಯ ಹತ್ತಿದೆ. ಅಕಸ್ಮಾತ್ ಪುಸ್ತಕ ಬಂದೇಬಿಟ್ಟರೆ? ಏಳು ತಿಂಗಳಿಂದ ಕಾಯುತ್ತಿದ್ದೇನೆ. ಅನಾವರಣಕ್ಕೆ ಅನಾವರಣ ಇದೆ, ಮೊದಲ ವಾಕ್ಯದ ಬಿಡುಗಡೆ ಇದೆ, ಆ ವಾಕ್ಯ ಯಾವ ದಿನ ಬಿಡುಗಡೆ ಅಂತ ಹೇಳುವ ಬಿಡುಗಡೆಯೂ ಇದೆ. ಪುಸ್ತಕ ಬಂದರೆ ಇದೆಲ್ಲ ಒಂದು ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. 352 ಪುಟ, ಅದೂ ಹಗುರ ಕಾದಂಬರಿ, ಎಷ್ಟು ಹೊತ್ತು ಹಿಡಿದೀತು. ಆಮೇಲೆ ಸಂಜೆಗೆ ಏನು ಮಾಡೋದು? ಹೋದ ಸಲ ಇಂಥದ್ದೇ ಇನ್ನೊಂದಕ್ಕೆ ವರ್ಷಪೂರ್ತಿ ಕಾದಿದ್ದೆ. ಬಂದ ದಿನ ಡಬ್ಬಿ ಬಿಚ್ಚಿದ್ದನ್ನು ವಿಡಿಯೋ ಮಾಡಿದೆ, ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ, ಮೂಸಿ ನೋಡಿದೆ, ಕಪಾಟಿನಲ್ಲಿ ಇಟ್ಟೆ. ಅದು ಅಲ್ಲೇ ಇದೆ. ಓದೋಕೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಈ ಲೇಸು ಶುರುವಾಯಿತು.

ಇವತ್ತು ಏಳನೇ ಚೂರು. ಮತ್ತೆ ಒಂಬತ್ತೂವರೆಗೆ ಕೂತೆ. ಅಂಕಿ ಇಳಿಯೋಕೆ ಇನ್ನೂ ಎರಡು ನಿಮಿಷ ಇತ್ತು. ಆಗ ಹಾಲಿನಲ್ಲಿ ಜೋರಾಗಿ ನಗು. ಸುಮ್ನೆ ಕಿಸಕ್ ಅಂತ ನಕ್ಕದ್ದಲ್ಲ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ಕೆಮ್ಮಿ, ಮತ್ತೆ ನಕ್ಕದ್ದು. ಬಗ್ಗಿ ನೋಡಿದೆ. ಅಕ್ಕನ ಮಗಳು ಸೋಫಾದಿಂದ ಅರ್ಧ ಕೆಳಗೆ ಜಾರಿದ್ದಳು. ಎದೆಯ ಮೇಲೆ ಆ ಕಂದು ಟೇಪಿನ ಪುಸ್ತಕ ಮಗುಚಿ ಬಿದ್ದಿತ್ತು.

"ಏನೇ ಅದು, ಅಷ್ಟೊಂದು ನಗ್ತಿದ್ದೀಯ?"

"ಮಾಮ, ಬಾ ಇಲ್ಲಿ, ಬಾ, ಈ ಒಂದು ಪುಟ ಓದಿ ಹೇಳ್ತೀನಿ, ಇವನು ಕೊಡೆ ತಗೊಂಡು..." ಅಂದವಳಿಗೆ ಮುಂದೆ ಹೇಳೋಕಾಗಲಿಲ್ಲ, ಮತ್ತೆ ನಗು ಉಕ್ಕಿತು.

"ಒಂದು ನಿಮಿಷ ಇರು ಕಣೇ, ಬಂದೆ. ಇಲ್ಲಿ ಇನ್ನೊಂದು ಕಾಲಿನ ಶೂ ತೋರಿಸ್ತಿದ್ದಾರೆ."